ಚಲನಚಿತ್ರದಲ್ಲಿ ಹಾಸ್ಯರಸ: ಅಭಿನಯ, ಛಾಯಾಗ್ರಹಣ, ಶಬ್ದ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ರಸಗಳನ್ನು ಎಣಿಸುವಾಗ ಶೃಂಗಾರವನ್ನು ಹೇಳಿದ ಕೂಡಲೇ ಹಾಸ್ಯವನ್ನು ಹೇಳುತ್ತಾನೆ. ಶೃಂಗಾರದ ಅನುಕರಣದಿಂದ ಹಾಸ್ಯವು ಹುಟ್ಟುತ್ತದೆಂಬುದು ಅವನ ಮತ. ಅದರ ಬಣ್ಣ ಬಿಳುಪು. ಅದರ ಅಧಿದೇವತೆಗಳು ಶಿವನ ಗಣಗಳಾದ ಪ್ರಮಥರು. ಶಾಸ್ತ್ರದಲ್ಲಿ ಇಷ್ಟು ಮರ್ಯಾದೆಯ ಸ್ಥಾನವಿದ್ದರೂ ನಮ್ಮ ಪಾಠಪ್ರವಚನಗಳಲ್ಲಿ ಹಾಸ್ಯಕ್ಕೆ ದೊರೆಯುವ ಗಮನ ಅತ್ಯಲ್ಪ. ಕರುಣರಸದ ಒಂದು ಪದ್ಯಕ್ಕೆ ಇಡೀ ಪೀರಿಯಡ್ಡನ್ನು ವಿನಿಯೋಗಿಸುವ ನಾವು ವಿದೂಷಕನ ಮಾತು ಬಂದಾಗ ‘ಇದು ಹಾಸ್ಯ’ ಎಂದಷ್ಟೇ ಹೇಳಿ ಪುಟ ತಿರುವುತ್ತೇವೆ. ಚಲನಚಿತ್ರದ ಹಾಸ್ಯವಂತೂ ವಿಚಾರಕ್ಕೇ ಅರ್ಹವಲ್ಲವೆಂಬ ಭಾವನೆ ವಿದ್ವದ್ವಲಯದಲ್ಲಿ ಇನ್ನೂ ಉಳಿದುಕೊಂಡಿದೆ.

ಅದೇ ಪ್ರಕರಣದಲ್ಲಿ ಭರತನು ಹಾಸ್ಯದ ವಿಭಾವಗಳನ್ನು, ಎಂದರೆ ನಗೆಯನ್ನು ಹುಟ್ಟಿಸುವ ಕಾರಣಗಳನ್ನು ಹೆಸರಿಸಿದ್ದಾನೆ. ವಿಕೃತವಾದ ವೇಷ, ಒಪ್ಪದ ಅಲಂಕಾರ, ಧಾರ್ಷ್ಟ್ಯ, ಚಾಪಲ್ಯ, ಅಸಂಬದ್ಧ ಪ್ರಲಾಪ ಮೊದಲಾದವುಗಳ ಸಾಲಿನಲ್ಲಿ ವ್ಯಂಗದರ್ಶನವೂ ಒಂದು. ಇದು ನಾವು ದಿನವೂ ಬಳಸುವ ವ್ಯಂಗ್ಯವಲ್ಲ, ವ್ಯಂಗ. ಅಂಗವೈಕಲ್ಯವೆಂದು ಇದರ ಅರ್ಥ. ಲೋಕದಲ್ಲಿ ಜನರು ಏನನ್ನು ಕಂಡು ನಗುತ್ತಾರೆಂಬುದನ್ನು ಶಾಸ್ತ್ರಕಾರನು ಕಂಡಂತೆ ಬರೆದಿದ್ದಾನೆ. ಆ ನಗೆ ಯೋಗ್ಯವೆ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಿಲ್ಲ. ಆದರೆ ಶಾಲೆಯಲ್ಲಿ ಕೆಲಸ ಮಾಡುವವರು ಆ ಪ್ರಶ್ನೆಯನ್ನು ಬಿಡಲಾಗದು. ಯಾವ ಊರಿನ ಯಾವ ಶಾಲೆಯ ವಾರ್ಷಿಕೋತ್ಸವದ ನಾಟಕವನ್ನೇ ನೋಡಿದರೂ ಕಿವಿ ಕೇಳದ ಅಜ್ಜ, ತೊದಲುವ ಆಳು, ಕಣ್ಣು ಕಾಣದೆ ಕಂಬಕ್ಕೆ ಹಾಯುವ ಭಿಕ್ಷುಕ, ಈ ಮೂವರಲ್ಲಿ ಒಬ್ಬರಾದರೂ ರಂಗಕ್ಕೆ ಬರುತ್ತಾರೆ. ಸಭೆ ಗೊಳ್ಳೆಂದು ನಗುತ್ತದೆ. ಅದೇ ಸಭೆಯ ಹಿಂದಿನ ಸಾಲಿನಲ್ಲಿ ನಿಜವಾಗಿಯೂ ತೊದಲುವ ಒಬ್ಬ ಹುಡುಗ ಕುಳಿತಿರುತ್ತಾನೆ.

ಹಾಗಾದರೆ ವ್ಯಂಗವನ್ನು ಮುಟ್ಟದೆ ದೂರವಿರುವುದೊಂದೇ ದಾರಿಯೆ? ಕಣ್ಣು ಕಾಣದ ಹುಡುಗಿಯೊಬ್ಬಳನ್ನು ಕಥೆಯ ನಟ್ಟನಡುವೆ ನಿಲ್ಲಿಸಿ, ಒಂದೂವರೆ ತಾಸು ಪ್ರೇಕ್ಷಕರನ್ನು ನಗಿಸಿ, ಒಂದು ಸಲವೂ ಅವಳ ಅಂಧತ್ವದ ಮೇಲೆ ನಗೆ ಬೀಳದಂತೆ ಕಾಯ್ದುಕೊಂಡ ಕೃತಿಯೊಂದು ಉಂಟು. ಚಾರ್ಲಿ ಚಾಪ್ಲಿನ್ನರ ‘ಸಿಟಿ ಲೈಟ್ಸ್’ ಎಂಬ ಆ ಚಿತ್ರ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1931ರ ಜನವರಿ 30ರಂದು ಮೊದಲು ತೆರೆಕಂಡಿತು. ಇದು ಕಥೆಯ ಸದುದ್ದೇಶದಿಂದ ಮಾತ್ರ ಆದ ಸಾಧನೆಯೆಂದು ತಿಳಿಯಬಾರದು. ಅದೇ ಕಥೆಯನ್ನು ಬೇರೊಂದು ಬಗೆಯಲ್ಲಿ ಅಭಿನಯಿಸಿ, ಕ್ಯಾಮರಾವನ್ನು ಬೇರೊಂದು ಕಡೆ ಇಟ್ಟು, ಬೇರೆ ಸದ್ದುಗಳನ್ನು ಕೂಡಿಸಿದರೆ ಅದು ಅಂಧೆಯ ಪರಿಹಾಸವಾಗಿಬಿಡುತ್ತಿತ್ತು. ಹಾಸ್ಯಚಿತ್ರದಲ್ಲಿ ನಗೆಬಾಣಕ್ಕೆ ಗುರಿ ಯಾರೆಂಬುದನ್ನು ಗೊತ್ತುಪಡಿಸುವುದು ಈ ಮೂರರ ಕೆಲಸ. ಅದು ಹೇಗೆ ನಡೆಯುತ್ತದೆಂಬುದನ್ನು ವಿವರಿಸುವುದಕ್ಕಾಗಿ ಈ ಲೇಖನ.

ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮನೆಮಠವಿಲ್ಲದ ಅಲೆಮಾರಿಯೊಬ್ಬನು ಬೀದಿಯಲ್ಲಿ ಹೂ ಮಾರುವ ಹುಡುಗಿಯನ್ನು ಕಾಣುತ್ತಾನೆ. ಅವಳಿಗೆ ಕಣ್ಣು ಕಾಣದು. ಆಕಸ್ಮಿಕವಾಗಿ ಅವಳು ಇವನನ್ನು ಶ್ರೀಮಂತನೆಂದು ಭಾವಿಸುತ್ತಾಳೆ. ಇವನು ಆ ಭ್ರಮೆಯನ್ನು ಒಡೆಯದೆ, ಅವಳ ಬಾಡಿಗೆಗೂ ಕಣ್ಣಿನ ಚಿಕಿತ್ಸೆಗೂ ಹಣ ಹೊಂದಿಸಲು ಬೀದಿ ಗುಡಿಸುತ್ತಾನೆ, ಮುಷ್ಟಿಯುದ್ಧಕ್ಕೆ ಇಳಿಯುತ್ತಾನೆ. ಕುಡಿದಾಗ ತನ್ನನ್ನು ಗೆಳೆಯನೆಂದು ಅಪ್ಪಿಕೊಂಡು, ಅಮಲು ಇಳಿದಾಗ ಗುರುತೇ ಹಿಡಿಯದ ಧನಿಕನೊಬ್ಬನಿಂದ ಹಣ ಪಡೆದು, ಕಳ್ಳನೆನಿಸಿ ಸೆರೆಮನೆಗೂ ಹೋಗುತ್ತಾನೆ. ಕಥೆ ಇಷ್ಟೇ. ಇದರಲ್ಲಿ ನಗುವಂಥದು ಏನಿದೆಯೆಂದು ಓದಿದವರಿಗೆ ಅನ್ನಿಸಬಹುದು. ನಗೆಯೆಲ್ಲ ನಡೆಸಿದ ರೀತಿಯಲ್ಲಿದೆ.

ಮೊದಲು ಅಭಿನಯವನ್ನು ನೋಡೋಣ. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂಬ ನಾಲ್ಕು ವಿಧಗಳನ್ನು ನಾವು ಬಲ್ಲೆವು. ಕನ್ನಡ ರಂಗಭೂಮಿಯ ಹಾಸ್ಯವು ಬಹುಮಟ್ಟಿಗೆ ವಾಚಿಕವನ್ನು ನಂಬಿ ಬೆಳೆದದ್ದು. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣನವರು ಗಳಿಸಿದ ಕೀರ್ತಿಯಲ್ಲಿ ಮಾತಿನ ಚಾತುರ್ಯದ ಪಾಲು ದೊಡ್ಡದು. 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರರಂಗದಲ್ಲಿ ನೆಲೆಯೂರಿದ ನರಸಿಂಹರಾಜು ಅವರದು ದೇಹವೂ ಮಾತೂ ಒಂದಕ್ಕೊಂದು ತಾಳ ಹಾಕುವ ನಟನೆ, ಆದರೂ ಜನರ ನೆನಪಿನಲ್ಲಿ ಉಳಿದಿರುವುದು ಹೆಚ್ಚಾಗಿ ಅವರ ಮಾತು. ಶ್ಲೇಷೆಯನ್ನು ಸವಿಯುವ ನಾಡಿನಲ್ಲಿ ಇದು ಸಹಜ. ಚಾಪ್ಲಿನ್ನರ ದಾರಿ ಬೇರೆ. ಬಿಗಿಯಾದ ಕೋಟು, ಜೋಲುವ ಷರಾಯಿ, ಕಾಲಿಗಿಂತ ದೊಡ್ಡ ಬೂಟು, ಗುಂಡು ಟೊಪ್ಪಿಗೆ, ಬಳುಕುವ ಬೆತ್ತ, ಇಷ್ಟು ಅವರ ಆಹಾರ್ಯ. 1914ರಲ್ಲಿ ಮೊದಲು ತೊಟ್ಟ ಈ ವೇಷವನ್ನು ಅವರು ಎರಡು ದಶಕಗಳಿಗೂ ಮೀರಿ ಬಿಡಲಿಲ್ಲ. ಭರತನು ಹೇಳಿದ ವಿಕೃತವೇಷವೇ ಇದು. ವಿಶೇಷವೇನೆಂದರೆ, ಈ ಹರಕು ವೇಷದೊಳಗಿನ ದೇಹವು ರಾಜಸಭೆಯಲ್ಲಿ ಬೆಳೆದವನಂತೆ ನಡೆದುಕೊಳ್ಳುತ್ತದೆ. ಟೊಪ್ಪಿಗೆಯೆತ್ತಿ ವಂದಿಸುತ್ತದೆ, ಹರಿದ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಕಳಚುತ್ತದೆ. ವೇಷಕ್ಕೂ ವರ್ತನೆಗೂ ಇರುವ ಈ ವಿರೋಧವೇ ನಗೆಗೆ ಮೂಲ. ಅವನ ಬಡತನವನ್ನು ಕಂಡು ಯಾರೂ ನಗುವುದಿಲ್ಲ. ಬಡತನವನ್ನು ಲೆಕ್ಕಿಸದೆ ಮರ್ಯಾದೆಯನ್ನು ಕಾಪಾಡಿಕೊಳ್ಳಲು ಅವನು ಪಡುವ ಪಾಡು ನಗೆ ತರಿಸುತ್ತದೆ.

ಹೂವಿನ ಹುಡುಗಿಯ ಪಾತ್ರಧಾರಿಣಿ ವರ್ಜೀನಿಯಾ ಚೆರಿಲ್. ಅಂಧತ್ವವನ್ನು ಅಭಿನಯಿಸಬೇಕಾದ ನಟಿಯರು ಸಾಮಾನ್ಯವಾಗಿ ಕಣ್ಣುಗುಡ್ಡೆಗಳನ್ನು ಮೇಲಕ್ಕೇರಿಸಿ ಬಿಳಿಯನ್ನು ತೋರಿಸುತ್ತಾರೆ. ಚಾಪ್ಲಿನ್ನರಿಗೆ ಅದು ಹಿಡಿಸಲಿಲ್ಲ. ತನ್ನನ್ನು ನೋಡುತ್ತಿರುವಾಗಲೇ ದೃಷ್ಟಿಯನ್ನು ಒಳಮುಖವಾಗಿ ತಿರುಗಿಸಿಕೊಳ್ಳುವಂತೆ ಆಕೆಗೆ ಹೇಳಿಕೊಟ್ಟುದನ್ನು ಅವರು 1964ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಪರಿಣಾಮವಾಗಿ ಆಕೆಯ ಮುಖದಲ್ಲಿ ವಿಕಾರವೆಂಬುದು ಲವಲೇಶವೂ ಇಲ್ಲ. ಕಂಬಕ್ಕೆ ಹಾಯುವುದಾಗಲಿ ತಡವರಿಸಿ ಬೀಳುವುದಾಗಲಿ ಇಲ್ಲ. ಎಡವಿ ಬೀಳುವ ಕೆಲಸವನ್ನೆಲ್ಲ ಕಣ್ಣುಳ್ಳ ಅಲೆಮಾರಿಗೇ ವಹಿಸಲಾಗಿದೆ!

ಇದಕ್ಕೆ ಉತ್ತಮ ನಿದರ್ಶನ ನೂಲಿನ ಪ್ರಸಂಗ. ಹುಡುಗಿ ತನ್ನ ಮನೆಯಲ್ಲಿ ಕುಳಿತು ಉಣ್ಣೆಯ ಉಂಡೆ ಸುತ್ತುತ್ತಿದ್ದಾಳೆ. ಇವನು ಎದುರಿಗೆ ಕುಳಿತು ನೂಲು ಹಿಡಿದು ನೆರವಾಗುತ್ತಿದ್ದಾನೆ. ಅವಳ ಬೆರಳಿಗೆ ನೂಲಿನ ಬದಲು ಇವನ ಒಳಂಗಿಯ ಎಳೆಯೊಂದು ಸಿಕ್ಕುತ್ತದೆ. ಅವಳು ಸುತ್ತುತ್ತಲೇ ಹೋಗುತ್ತಾಳೆ. ಒಳಂಗಿ ಬಿಚ್ಚುತ್ತಲೇ ಹೋಗುತ್ತದೆ. ಬಾಯಿಬಿಟ್ಟು ಒಂದು ಮಾತು ಹೇಳಿದರೆ ಮುಗಿಯಿತು. ಹೇಳಿದರೆ ಅವಳಿಗೆ ನಾಚಿಕೆಯಾದೀತು. ಅದಕ್ಕಾಗಿ ಅವನು ಮೈಯನ್ನು ಹಿಂದಕ್ಕೂ ಮುಂದಕ್ಕೂ ತಿರುಚಿ ಎಳೆ ಸಲೀಸಾಗಿ ಬರುವಂತೆ ಸಹಕರಿಸುತ್ತಾನೆ. ಪ್ರೇಕ್ಷಕನು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ತಪ್ಪು ಮಾಡಿದವಳು ಹುಡುಗಿ, ಅದಕ್ಕೆ ಕಾರಣ ಅವಳ ಅಂಧತ್ವ. ನಗೆ ಬಿದ್ದದ್ದು ಮಾತ್ರ ಅಲೆಮಾರಿಯ ಮೇಲೆ. ಅವಳ ತಪ್ಪನ್ನು ಅವನ ದೇಹವು ತನ್ನ ಮೇಲೆ ಹಾಕಿಕೊಂಡಿತು. ಒಬ್ಬರ ಅಭಿನಯವು ಇನ್ನೊಬ್ಬರನ್ನು ಪರಿಹಾಸದಿಂದ ಕಾಪಾಡುವ ಈ ಬಗೆಯನ್ನು ನಾಟಕ ಕಲಿಸುವ ಅಧ್ಯಾಪಕರು ಬಿಡಿಸಿ ಬಿಡಿಸಿ ನೋಡತಕ್ಕದ್ದು.

ಅಭಿನಯದ ವಿಷಯದಲ್ಲಿ ಮತ್ತೊಂದು ಮಾತು. ಹಾಸ್ಯನಟನು ತಾನು ಹಾಸ್ಯ ಮಾಡುತ್ತಿದ್ದೇನೆಂದು ತೋರಿಸಿಕೊಂಡ ಕ್ಷಣದಲ್ಲಿಯೇ ರಸಭಂಗವಾಗುತ್ತದೆ. ಮುಷ್ಟಿಯುದ್ಧದ ದೃಶ್ಯದಲ್ಲಿ ಅಲೆಮಾರಿಯು ಪೆಟ್ಟು ತಪ್ಪಿಸಿಕೊಳ್ಳಲು ರೆಫರಿಯ ಬೆನ್ನ ಹಿಂದೆ ಅಡಗುತ್ತಾನೆ. ಮೂವರೂ ಒಂದೇ ತಾಳಕ್ಕೆ ಎಡಕ್ಕೂ ಬಲಕ್ಕೂ ಸರಿದಾಡುತ್ತಾರೆ. ನೋಡುವವರಿಗೆ ಅದು ಕುಣಿತ, ಅವನಿಗೆ ಪ್ರಾಣಸಂಕಟ. ಅವನ ಮುಖದಲ್ಲಿ ಭಯವು ನಿಜವಾದುದರಿಂದಲೇ ನಗೆಯೂ ನಿಜವಾಗುತ್ತದೆ. ಅದೇ ಕಾಲದ ಇನ್ನೊಬ್ಬ ಮಹಾನಟ ಬಸ್ಟರ್ ಕೀಟನ್ ಈ ನಿಯಮವನ್ನು ಕೊನೆಯವರೆಗೂ ಎಳೆದವರು. ಪರದೆಯ ಮೇಲೆ ಅವರು ನಗುವುದಿಲ್ಲವೆಂಬುದೇ ಅವರ ಖ್ಯಾತಿ.

ಇನ್ನು ಛಾಯಾಗ್ರಹಣ. ರಂಗಭೂಮಿಯಲ್ಲಿ ಪ್ರೇಕ್ಷಕನಿಗೂ ನಟನಿಗೂ ನಡುವಿನ ದೂರವನ್ನು ಟಿಕೀಟಿನ ಬೆಲೆ ನಿರ್ಧರಿಸುತ್ತದೆ. ಚಿತ್ರದಲ್ಲಿ ಕ್ಯಾಮರಾ ನಿರ್ಧರಿಸುತ್ತದೆ. ಬದುಕನ್ನು ಹತ್ತಿರದಿಂದ ನೋಡಿದರೆ ದುರಂತ, ದೂರದಿಂದ ನೋಡಿದರೆ ಹಾಸ್ಯ ಎಂಬರ್ಥದ ಮಾತೊಂದು ಚಾಪ್ಲಿನ್ನರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಇದನ್ನು ತಾತ್ತ್ವಿಕ ಸೂಕ್ತಿಯೆಂದು ಹಲವರು ಉದ್ಧರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಮೊದಲು ಕಸುಬಿನ ಮಾತು. ಚಿತ್ರರಂಗದವರು ಲಾಂಗ್ ಷಾಟ್ ಎನ್ನುವ ದೂರದ ನೋಟದಲ್ಲಿ ಮನುಷ್ಯನ ಇಡೀ ದೇಹವೂ ಅವನ ಸುತ್ತಲಿನ ಪರಿಸರವೂ ಒಟ್ಟಿಗೆ ಕಾಣುತ್ತವೆ. ಅವನಿಗೆ ತಿಳಿಯದ ಅಪಾಯ ನಮಗೆ ಕಾಣುತ್ತದೆ. ಕ್ಲೋಸ್ ಅಪ್ ಎನ್ನುವ ಸಮೀಪದ ನೋಟದಲ್ಲಿ ಮುಖವೊಂದೇ ಉಳಿದು ಅವನ ನೋವು ನಮ್ಮದಾಗುತ್ತದೆ. ನಗೆ ಗಂಟಲಲ್ಲಿ ನಿಲ್ಲುತ್ತದೆ.

‘ಸಿಟಿ ಲೈಟ್ಸ್’ನಲ್ಲಿಯೇ ಇದಕ್ಕೊಂದು ಲಕ್ಷ್ಯವಿದೆ. ಅಂಗಡಿಯ ಗಾಜಿನ ಹಿಂದೆ ನಗ್ನ ಸ್ತ್ರೀಪ್ರತಿಮೆಯೊಂದು ನಿಂತಿದೆ. ಅಲೆಮಾರಿಯು ಕಲಾವಿಮರ್ಶಕನ ಗತ್ತಿನಿಂದ ಹಿಂದಕ್ಕೆ ಸರಿದು, ಮುಂದಕ್ಕೆ ಬಂದು, ತಲೆ ಓರೆಮಾಡಿ ಅದನ್ನು ಪರಿಶೀಲಿಸುತ್ತಿದ್ದಾನೆ. ಅವನ ಬೆನ್ನ ಹಿಂದೆ ಕಾಲುದಾರಿಯಲ್ಲಿ ಸಾಮಾನು ಇಳಿಸುವ ಲಿಫ್ಟೊಂದು ಕೆಳಕ್ಕೂ ಮೇಲಕ್ಕೂ ಓಡಾಡುತ್ತಿದೆ. ಇವನು ಹಿಂದಕ್ಕೆ ಹೆಜ್ಜೆಯಿಡುವಾಗ ಲಿಫ್ಟು ಸರಿಯಾಗಿ ನೆಲಮಟ್ಟಕ್ಕೆ ಬಂದಿರುತ್ತದೆ. ಮುಂದಕ್ಕೆ ಸರಿದಾಗ ಇಳಿದು ಗುಂಡಿಯಾಗುತ್ತದೆ. ಒಂದು ಸಲ, ಎರಡು ಸಲ, ಮತ್ತೂ ಒಂದು ಸಲ. ಮನುಷ್ಯನೂ ಗುಂಡಿಯೂ ಒಂದೇ ಚೌಕಟ್ಟಿನಲ್ಲಿ ಇರುವುದರಿಂದ ಮಾತ್ರ ಈ ಹಾಸ್ಯ ಸಾಧ್ಯ. ಮುಖವನ್ನೊಮ್ಮೆ, ಕಾಲನ್ನೊಮ್ಮೆ, ಗುಂಡಿಯನ್ನೊಮ್ಮೆ ಬೇರೆ ಬೇರೆಯಾಗಿ ತೋರಿಸಿ ಅಂಟಿಸಿದ್ದರೆ ಅದು ಅಪಾಯದ ವರದಿಯಾಗುತ್ತಿತ್ತು. ಕೊನೆಗೊಮ್ಮೆ ಅವನು ಲಿಫ್ಟಿನಲ್ಲಿದ್ದ ಕೂಲಿಯವನನ್ನು ಗದರಿಸಲು ಹೊರಡುತ್ತಾನೆ. ಲಿಫ್ಟು ಮೇಲೇರಿದಂತೆಲ್ಲ ಆ ಕೂಲಿಯವನು ಬೆಳೆಯುತ್ತ ಬೆಳೆಯುತ್ತ ಇವನಿಗಿಂತ ಬಹುಪಾಲು ಎತ್ತರದ ದೈತ್ಯನಾಗಿ ನಿಲ್ಲುತ್ತಾನೆ. ಗದರಿಕೆ ಅಲ್ಲಿಗೆ ಮುಗಿಯುತ್ತದೆ.

ಕೀಟನ್ನರು ದೂರದ ನೋಟವನ್ನು ಸಾಕ್ಷಿಯಂತೆ ಬಳಸಿಕೊಂಡರು. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಬಿರುಗಾಳಿಗೆ ಮನೆಯೊಂದರ ಮುಂಭಿತ್ತಿ ಇಡಿಯಾಗಿ ಅವರ ಮೇಲೆ ಬೀಳುತ್ತದೆ. ಅಟ್ಟದ ಕಿಟಕಿಯ ತೆರಪು ಸರಿಯಾಗಿ ಅವರು ನಿಂತ ಜಾಗಕ್ಕೆ ಬಂದು ಅವರು ಕದಲದೆ ಉಳಿಯುತ್ತಾರೆ. ಭಿತ್ತಿ ನಿಜವಾದದ್ದು, ನಿಂತವರೂ ಕೀಟನ್ನರೇ. ಕೆಲವು ಅಂಗುಲ ತಪ್ಪಿದ್ದರೆ ಪ್ರಾಣವೇ ಹೋಗುತ್ತಿತ್ತು. ಇದನ್ನು ತುಂಡು ಮಾಡದೆ ಒಂದೇ ಎಳೆಯಲ್ಲಿ ತೋರಿಸಿದುದರಿಂದ ಪ್ರೇಕ್ಷಕನು ನಂಬಿದನು; ನಂಬಿದುದರಿಂದ ನಕ್ಕನು. 1926ರ ‘ದಿ ಜನರಲ್’ನಲ್ಲಿ ಇದಕ್ಕಿಂತ ಸೌಮ್ಯವಾದ ಪ್ರಸಂಗವೊಂದಿದೆ. ಪ್ರೇಯಸಿಯಿಂದ ತಿರಸ್ಕೃತನಾದ ರೈಲುಚಾಲಕನು ಎಂಜಿನ್ನಿನ ಚಕ್ರಗಳನ್ನು ಜೋಡಿಸುವ ಉಕ್ಕಿನ ದಂಡದ ಮೇಲೆ ಕುಸಿದು ಕುಳಿತಿದ್ದಾನೆ. ರೈಲು ಮೆಲ್ಲನೆ ಚಲಿಸತೊಡಗುತ್ತದೆ. ದಂಡದೊಡನೆ ಅವನೂ ಮೇಲಕ್ಕೆ ಕೆಳಕ್ಕೆ, ಮೇಲಕ್ಕೆ ಕೆಳಕ್ಕೆ ತೂಗುತ್ತಾನೆ. ದುಃಖದಲ್ಲಿ ಮುಳುಗಿದವನಿಗೆ ತಕ್ಷಣ ಅರಿವಾಗುವುದಿಲ್ಲ. ಕ್ಯಾಮರಾ ಹತ್ತಿರ ಹೋಗಿದ್ದರೆ ಅದು ವಿರಹದ ಚಿತ್ರ. ದೂರ ನಿಂತುದರಿಂದ ವಿರಹವೂ ಹಾಸ್ಯವೂ ಕೂಡಿ ನಿಂತವು. ಶೃಂಗಾರದಿಂದ ಹಾಸ್ಯ ಹುಟ್ಟುವುದೆಂಬ ಭರತನ ಮಾತಿಗೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ನಾನು ಕಾಣೆ.

ಮೂಕಿಚಿತ್ರಗಳ ಓಟದ ನಡಿಗೆಯ ಬಗ್ಗೆ ವಿದ್ಯಾರ್ಥಿಗಳು ಕೇಳುವುದುಂಟು. ಆಗ ಕ್ಯಾಮರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಹದಿನಾರೋ ಹದಿನೆಂಟೋ ಚಿತ್ರಗಳನ್ನು ತೆಗೆದು, ತೋರಿಸುವಾಗ ಹೆಚ್ಚು ವೇಗದಲ್ಲಿ ಓಡಿಸಿದರೆ ಚಲನೆ ಚುರುಕಾಗಿ ಕಾಣುತ್ತದೆ. ಹಾಸ್ಯಕ್ಕಾಗಿ ಬೇಕೆಂದೇ ನಿಧಾನವಾಗಿ ತಿರುಗಿಸುವುದೂ ಉಂಟು. ಮಾತು ಬಂದ ಮೇಲೆ ವೇಗವು ಸೆಕೆಂಡಿಗೆ 24ಕ್ಕೆ ನಿಂತಿತು. ಹಳೆಯ ಚಿತ್ರಗಳನ್ನು ಈ ವೇಗದಲ್ಲಿ ಓಡಿಸಿದಾಗ ಕಾಣುವ ಕುಪ್ಪಳಿಕೆಯೆಲ್ಲ ನಟರದೇ ಎಂದು ತಿಳಿಯುವುದು ಸರಿಯಲ್ಲ.

ಪ್ರಕೃತಕ್ಕೆ ಬರೋಣ. ಮೂರನೆಯದು ಶಬ್ದ. 1927ರಲ್ಲಿ ‘ದಿ ಜಾಜ್ ಸಿಂಗರ್’ ಬಂದ ಮೇಲೆ ನಾಲ್ಕೇ ವರ್ಷಗಳಲ್ಲಿ ಅಮೆರಿಕದ ಚಿತ್ರರಂಗವೆಲ್ಲ ಮಾತನಾಡತೊಡಗಿತ್ತು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದುದು 1934ರಲ್ಲಿ. ಇಂಥ ಸಂದರ್ಭದಲ್ಲಿ ಚಾಪ್ಲಿನ್ನರು ಮಾತಿಲ್ಲದ ಚಿತ್ರವನ್ನು ಮಾಡಿದರು. ಶಬ್ದವನ್ನು ಮಾತ್ರ ಬಿಡಲಿಲ್ಲ. ಸಂಗೀತವನ್ನು ತಾವೇ ರಚಿಸಿ, ಬೇಕಾದ ಕಡೆ ಬೇಕಾದಷ್ಟೇ ಸದ್ದನ್ನು ಕೂಡಿಸಿದರು. ಚಿತ್ರದ ಆರಂಭವೇ ಒಂದು ಪ್ರತಿಮೆಯ ಅನಾವರಣ ಸಮಾರಂಭ. ಗಣ್ಯರು ಒಬ್ಬರಾದ ಮೇಲೊಬ್ಬರು ಭಾಷಣ ಮಾಡುತ್ತಾರೆ. ಬಾಯಿ ಚಲಿಸುತ್ತದೆ, ಕೈ ಆಡುತ್ತದೆ. ಕೇಳಿಸುವುದು ಮಾತ್ರ ಪೀಪಿಯ ಕೊರಕೊರ ಸದ್ದು. ಭಾಷಣದ ಏರಿಳಿತ, ವಿರಾಮ, ಆವೇಶ ಎಲ್ಲವೂ ಇವೆ, ಅರ್ಥವೊಂದನ್ನು ತೆಗೆದುಹಾಕಲಾಗಿದೆ. ಅಸತ್ಪ್ರಲಾಪವೆಂಬ ವಿಭಾವಕ್ಕೆ ಇಂಥ ಪ್ರಯೋಗ ಬೇರೆಲ್ಲಿಯೂ ಇರಲಾರದು. ಸಭೆಗಳಲ್ಲಿ ಭಾಷಣ ಮಾಡುವ ಅಭ್ಯಾಸವುಳ್ಳ ನಮ್ಮಂಥವರು ಈ ದೃಶ್ಯವನ್ನು ವರ್ಷಕ್ಕೊಮ್ಮೆಯಾದರೂ ನೋಡುವುದು ಒಳ್ಳೆಯದು.

ಮುಸುಕು ಸರಿದಾಗ ಪ್ರತಿಮೆಯ ಮಡಿಲಲ್ಲಿ ಅಲೆಮಾರಿಯು ಮಲಗಿ ನಿದ್ರಿಸುತ್ತಿದ್ದಾನೆ. ಗದ್ದಲದ ನಡುವೆ ಇಳಿಯಹೋದವನ ಷರಾಯಿ ಇನ್ನೊಂದು ಪ್ರತಿಮೆಯ ಕತ್ತಿಗೆ ಸಿಕ್ಕಿಕೊಂಡು ಅವನು ತೂಗಾಡುತ್ತಾನೆ. ಆ ಹೊತ್ತಿಗೆ ವಾದ್ಯದವರು ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸತೊಡಗುತ್ತಾರೆ. (ಅದಕ್ಕೆ ಶಾಸನದ ಮನ್ನಣೆ ದೊರೆತದ್ದು ಚಿತ್ರ ತೆರೆಕಂಡ ಮರು ತಿಂಗಳುಗಳಲ್ಲಿ, 1931ರ ಮಾರ್ಚ್ 3ರಂದು.) ಗೀತೆ ಕೇಳಿದೊಡನೆ ಎಲ್ಲರೂ ಸ್ತಬ್ಧರು. ಕತ್ತಿಗೆ ನೇತಾಡುತ್ತಿರುವ ಅಲೆಮಾರಿಯೂ ಟೊಪ್ಪಿಗೆ ತೆಗೆದು ಸೆಟೆದು ನಿಲ್ಲಲು ಹೆಣಗುತ್ತಾನೆ. ಕಾಲಿಗೆ ನೆಲ ಸಿಕ್ಕುವುದಿಲ್ಲ. ಇಲ್ಲಿ ಸದ್ದೇ ನಿರ್ದೇಶಕ. ಅದು ಕೇಳಿಸದಿದ್ದರೆ ಎಲ್ಲರೂ ಏಕೆ ನಿಂತರೆಂಬುದೇ ತಿಳಿಯದು.

ಮುಷ್ಟಿಯುದ್ಧದಲ್ಲಿ ಗಂಟೆಯ ಹಗ್ಗ ಅಲೆಮಾರಿಯ ಕೊರಳಿಗೆ ಸುತ್ತಿಕೊಂಡು ಅವನು ಬಿದ್ದಾಗಲೆಲ್ಲ ಗಂಟೆ ಹೊಡೆಯುತ್ತದೆ. ಔತಣವೊಂದರಲ್ಲಿ ಅವನು ಸೀಟಿಯನ್ನು ನುಂಗಿಬಿಡುತ್ತಾನೆ. ಗಾಯಕರು ಹಾಡಲು ಬಾಯಿ ತೆರೆದಾಗಲೆಲ್ಲ ಇವನ ಬಿಕ್ಕಳಿಕೆ ಸೀಟಿಯಾಗಿ ಹೊರಡುತ್ತದೆ. ಹೊರಗೆ ಹೋದರೆ ಟ್ಯಾಕ್ಸಿಯೂ ಬೀದಿನಾಯಿಗಳೂ ಓಡಿಬರುತ್ತವೆ. ಇವೆಲ್ಲ ಸದ್ದಿನ ಚೇಷ್ಟೆಗಳು. ಇವುಗಳಿಗಿಂತ ಆಳವಾದುದು ಹುಡುಗಿಯ ಮೊದಲ ಭೇಟಿಯ ದೃಶ್ಯ. ಪೊಲೀಸನನ್ನು ತಪ್ಪಿಸಿಕೊಳ್ಳಲು ಅಲೆಮಾರಿಯು ನಿಂತ ಕಾರೊಂದರ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಇಳಿಯುತ್ತಾನೆ. ಬಾಗಿಲು ಮುಚ್ಚಿದ ಸಪ್ಪಳದಿಂದ ಹುಡುಗಿಯು ಕಾರಿನ ಒಡೆಯನೇ ಇಳಿದನೆಂದು ತಿಳಿಯುತ್ತಾಳೆ. ಸ್ವಲ್ಪ ಹೊತ್ತಿಗೆ ನಿಜವಾದ ಒಡೆಯನು ಬಂದು ಬಾಗಿಲೆಳೆದುಕೊಂಡು ಹೊರಟುಹೋಗುತ್ತಾನೆ. ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೊರಟ ಉದಾರಿಯೆಂದು ಅವಳ ಮನಸ್ಸು ಹಿಗ್ಗುತ್ತದೆ. ಅಲೆಮಾರಿಯು ಆ ಭಾವನೆಗೆ ಭಂಗ ಬಾರದಂತೆ ತುದಿಗಾಲಿನಲ್ಲಿ ನಡೆದು ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕುಳಿತುಕೊಳ್ಳುತ್ತಾನೆ. ಮೂಕಿಚಿತ್ರದ ಕಥೆಯೊಂದು ಇಡಿಯಾಗಿ ಒಂದು ಬಾಗಿಲಿನ ಸಪ್ಪಳದ ಮೇಲೆ ನಿಂತಿದೆ! ಸದ್ದಿನಿಂದಲೇ ಜಗತ್ತನ್ನು ತಿಳಿಯುವವಳಿಗೆ ತಪ್ಪು ತಿಳಿವಳಿಕೆ ಬಂದುದೂ ಸದ್ದಿನಿಂದಲೇ. ಆ ಸಪ್ಪಳದಿಂದ ಕಣ್ಣುಳ್ಳವರು ಕೂಡ ಅದೇ ತೀರ್ಮಾನಕ್ಕೆ ಬರುತ್ತಿದ್ದರು. ಆದುದರಿಂದ ಅವಳು ನಗೆಪಾಟಲಾಗುವುದಿಲ್ಲ. ಈ ಒಂದು ಪ್ರಸಂಗವನ್ನು ಚಾಪ್ಲಿನ್ನರು ತಿಂಗಳುಗಳ ಅಂತರದಲ್ಲಿ ಮತ್ತೆ ಮತ್ತೆ ಚಿತ್ರಿಸಿದರು. ಭೇಟಿ ಮುಗಿಯುವುದು ಹೇಗೆಂದರೆ, ಹುಡುಗಿ ಹೂವಿನ ಪಾತ್ರೆಯನ್ನು ತೊಳೆದ ನೀರನ್ನು ಚೆಲ್ಲುತ್ತಾಳೆ. ಅದು ನೇರವಾಗಿ ಅಲೆಮಾರಿಯ ಮುಖಕ್ಕೆ. ಮತ್ತೆ ನಗೆ ಅವನ ಪಾಲಿಗೇ.

ಶಬ್ದವನ್ನು ಹಾಸ್ಯದ ಮುಖ್ಯ ಉಪಕರಣವನ್ನಾಗಿ ಬೆಳೆಸಿದವರು ಫ್ರಾನ್ಸಿನ ಜಾಕ್ ತಾತಿ. 1953ರ ‘ಮಿಸ್ಟರ್ ಹುಲೋನ ರಜಾದಿನಗಳು’ ಎಂಬರ್ಥದ ಹೆಸರಿನ ಅವರ ಚಿತ್ರದಲ್ಲಿ ರೈಲುನಿಲ್ದಾಣದ ಧ್ವನಿವರ್ಧಕವು ಒಂದಕ್ಷರವೂ ತಿಳಿಯದಂತೆ ಗೊಗ್ಗರಿಸುತ್ತದೆ. ಪ್ರಯಾಣಿಕರು ಗಂಟುಮೂಟೆ ಹೊತ್ತು ಒಂದು ಪ್ಲಾಟ್‌ಫಾರಮ್ಮಿನಿಂದ ಇನ್ನೊಂದಕ್ಕೆ ಧಾವಿಸುತ್ತಾರೆ. ನಮ್ಮ ಜಂಕ್ಷನ್ನುಗಳಲ್ಲಿ ನಿಂತವರಿಗೆ ಇದಕ್ಕೆ ಭಾಷ್ಯ ಬೇಕಿಲ್ಲ. 1967ರ ‘ಪ್ಲೇ ಟೈಮ್’ನಲ್ಲಿ ಗಾಜಿನ ಬಾಗಿಲು ಒಡೆದು ಚೂರಾಗಿ ಹೋಗುತ್ತದೆ; ಹೋಟೆಲಿನ ದ್ವಾರಪಾಲಕನು ಹಿಡಿಯೊಂದನ್ನೇ ಕೈಯಲ್ಲಿ ಹಿಡಿದು ಇಲ್ಲದ ಬಾಗಿಲನ್ನು ಅತಿಥಿಗಳಿಗೆ ತೆರೆದು ಮುಚ್ಚುತ್ತಾನೆ. ಅದೇ ಚಿತ್ರದ ಕಚೇರಿಯಲ್ಲಿ ಉದ್ದನೆಯ ಓಣಿಯ ತುದಿಯಿಂದ ಅಧಿಕಾರಿಯೊಬ್ಬನು ನಡೆದುಬರುವ ಬೂಟಿನ ಸದ್ದು ಕೇಳುತ್ತಲೇ ಇರುತ್ತದೆ. ಮನುಷ್ಯ ಮಾತ್ರ ಬೇಗನೆ ಬಂದು ತಲುಪುವುದಿಲ್ಲ. ತಾತಿಯವರು ಸದ್ದನ್ನು ಆಮೇಲೆ ಪ್ರತ್ಯೇಕವಾಗಿ ಧ್ವನಿಮುದ್ರಿಸಿ, ಬೇಕಾದುದನ್ನು ಹಿಗ್ಗಿಸಿ, ಬೇಡವಾದುದನ್ನು ತೊಡೆದುಹಾಕುತ್ತಿದ್ದರು. ಅವರು ಸಮೀಪದ ನೋಟವನ್ನು ಬಹುತೇಕ ತ್ಯಜಿಸಿದವರು. ಎಪ್ಪತ್ತು ಮಿಲಿಮೀಟರಿನ ವಿಶಾಲ ಪರದೆಗಾಗಿ ತೆಗೆದ ಅವರ ಚಿತ್ರವನ್ನು ಇಂದು ಅಂಗೈಯಗಲದ ಮೊಬೈಲಿನಲ್ಲಿ ನೋಡಿ ‘ಇದರಲ್ಲಿ ನಗುವಂಥದೇನೂ ಇಲ್ಲ’ ಎನ್ನುವವರೊಡನೆ ವಾದಿಸಿ ಫಲವಿಲ್ಲ.

ಈ ಪರಂಪರೆಗೆ ನಮ್ಮ ನೆಲದಲ್ಲಿಯೂ ಒಂದು ಶ್ರೇಷ್ಠ ಕೃತಿಯುಂಟು. 1987ರಲ್ಲಿ ಬಂದ ‘ಪುಷ್ಪಕ ವಿಮಾನ’ವನ್ನು ಸಿಂಗೀತಂ ಶ್ರೀನಿವಾಸರಾಯರು ಬೆಂಗಳೂರಿನಲ್ಲಿ ಚಿತ್ರೀಕರಿಸಿದರು, ನಿರ್ಮಾಪಕರು ಶೃಂಗಾರ್ ನಾಗರಾಜ್, ಛಾಯಾಗ್ರಾಹಕರು ಬಿ. ಸಿ. ಗೌರೀಶಂಕರ್, ನಾಯಕನಟರು ಕಮಲಹಾಸನ್. ಅದರಲ್ಲಿ ಸಂಭಾಷಣೆಯೇ ಇಲ್ಲ, ಸದ್ದು ಧಾರಾಳವಾಗಿದೆ. ನಿರುದ್ಯೋಗಿಯಾದ ನಾಯಕನ ಬಾಡಿಗೆ ಕೋಣೆಯ ಪಕ್ಕದಲ್ಲಿಯೇ ಸಿನಿಮಾ ಮಂದಿರ. ರಾತ್ರಿಯೆಲ್ಲ ಹೊಡೆದಾಟದ ಸದ್ದು. ಆಕಸ್ಮಿಕವಾಗಿ ಐಷಾರಾಮಿ ಹೋಟೆಲಿನ ವಾಸ ದೊರೆತಾಗ ಅಲ್ಲಿಯ ಮೆತ್ತನೆಯ ಹಾಸಿಗೆಯ ಮೇಲೆ ಅವನಿಗೆ ನಿದ್ರೆ ಹತ್ತುವುದಿಲ್ಲ. ನಿಶ್ಶಬ್ದವೇ ಅವನಿಗೆ ಗದ್ದಲ. ಕೊನೆಗೆ ಹಳೆಯ ಕೋಣೆಯ ಆ ಸದ್ದನ್ನು ಟೇಪಿನಲ್ಲಿ ತುಂಬಿಕೊಂಡು ಬಂದು, ಹೋಟೆಲಿನಲ್ಲಿ ಹಾಕಿಕೊಂಡು ಸುಖವಾಗಿ ನಿದ್ರಿಸುತ್ತಾನೆ. ಬಡತನವು ಮನುಷ್ಯನ ಕಿವಿಯಲ್ಲಿಯೂ ಮನೆಮಾಡುತ್ತದೆಂಬುದನ್ನು ಒಂದು ಮಾತೂ ಇಲ್ಲದೆ, ಒಂದು ಟೇಪಿನಿಂದ ಹೇಳಿದ ಈ ಪ್ರಸಂಗಕ್ಕೆ ನಕ್ಕವರು ಬಡವನ ಮೇಲೆ ನಗಲಿಲ್ಲ. ಇದರ ಎದುರಿಗೆ, ನಟನು ಹುಬ್ಬೇರಿಸಿದರೂ ‘ಟೊಂಯ್’ ಎಂದು ವಾದ್ಯ ಬಾರಿಸಿ, ಯಾರೋ ಮುದ್ರಿಸಿಟ್ಟ ನಗೆಯನ್ನು ಹಿನ್ನೆಲೆಯಲ್ಲಿ ಸೇರಿಸುವ ಇಂದಿನ ಕಿರುತೆರೆಯ ಪದ್ಧತಿಯನ್ನು ಇಟ್ಟು ನೋಡಬೇಕು. ಅಲ್ಲಿ ಸದ್ದು ನಮಗೆ ಎಲ್ಲಿ ನಗಬೇಕೆಂದು ಆಜ್ಞೆ ಮಾಡುತ್ತದೆ. ಯಾರ ಮೇಲೆ ನಗುತ್ತಿದ್ದೇವೆಂದು ಯೋಚಿಸಲು ಬಿಡುವು ಕೊಡುವುದಿಲ್ಲ.

‘ಸಿಟಿ ಲೈಟ್ಸ್’ನ ಅಂತ್ಯದ ದೃಶ್ಯದಲ್ಲಿ ಮೂರೂ ಒಂದುಗೂಡುತ್ತವೆ. ಹುಡುಗಿಗೆ ದೃಷ್ಟಿ ಬಂದಿದೆ. ಅವಳು ಈಗ ಹೂವಿನ ಅಂಗಡಿಯ ಒಡತಿ. ಸೆರೆಮನೆಯಿಂದ ಬಿಡುಗಡೆಯಾದ ಅಲೆಮಾರಿಯು ಚಿಂದಿಯುಟ್ಟು ಬೀದಿಯಲ್ಲಿ ಬರುತ್ತಿದ್ದಾನೆ. ಪತ್ರಿಕೆ ಮಾರುವ ಹುಡುಗರು ಅವನನ್ನು ಕೆಣಕುತ್ತಾರೆ, ಹರಿದ ಬಟ್ಟೆಯನ್ನು ಹಿಡಿದೆಳೆಯುತ್ತಾರೆ. ಅಂಗಡಿಯ ಗಾಜಿನ ಹಿಂದೆ ಕುಳಿತ ಹುಡುಗಿ ಇದನ್ನು ಕಂಡು ನಗುತ್ತಾಳೆ. ಅವನು ತಿರುಗಿ ಅವಳನ್ನು ಕಂಡು ಬೆರಗಾಗಿ ನಿಂತಾಗ, ಈ ಭಿಕಾರಿ ತನಗೆ ಮರುಳಾದನೆಂದು ಪಕ್ಕದವಳಿಗೆ ತಮಾಷೆಯಾಗಿ ಹೇಳುತ್ತಾಳೆ. ಚಿತ್ರವಿಡೀ ಅಂಧತ್ವದ ಮೇಲೆ ನಗೆ ಬೀಳದಂತೆ ಕಾದ ಕವಿಯು, ಕೊನೆಯಲ್ಲಿ ಅಂಧೆಯಾಗಿದ್ದವಳಿಂದಲೇ ಬಡವನ ಮೇಲೆ ನಗಿಸುತ್ತಾನೆ. ಕಣ್ಣು ಬಂದುದರಿಂದ ಬಂದ ಮೊದಲ ದೋಷ ಇದು. ಈಗ ಪ್ರೇಕ್ಷಕರಲ್ಲಿ ಒಬ್ಬರೂ ನಗುವುದಿಲ್ಲ. ಹುಡುಗರ ಚೇಷ್ಟೆಯೂ ಹರಕು ಬಟ್ಟೆಯೂ ಅವೇ. ಹತ್ತು ನಿಮಿಷದ ಹಿಂದೆಯಾಗಿದ್ದರೆ ನಾವೂ ನಗುತ್ತಿದ್ದೆವು.

ಅವಳು ಕನಿಕರದಿಂದ ಹೊರಗೆ ಬಂದು ಒಂದು ಹೂವನ್ನು ಕೊಟ್ಟು, ನಾಣ್ಯವನ್ನು ಅವನ ಅಂಗೈಗೆ ಒತ್ತುತ್ತಾಳೆ. ಕೈಯ ಸ್ಪರ್ಶಕ್ಕೆ ಅವಳ ನಗೆ ನಿಲ್ಲುತ್ತದೆ. ಕಣ್ಣು ಗುರುತಿಸದ್ದನ್ನು ಬೆರಳು ಗುರುತಿಸುತ್ತದೆ. ಅಲ್ಲಿಯವರೆಗೆ ದೂರ ನಿಂತಿದ್ದ ಕ್ಯಾಮರಾ ಈಗ ಮುಖಗಳ ಹತ್ತಿರಕ್ಕೆ ಬರುತ್ತದೆ. ಬೆರಳು ಬಾಯಿಯ ಬಳಿ, ಕೈಯಲ್ಲಿ ಹೂವು, ತುಟಿಯಲ್ಲಿ ನಗೆಯೋ ಭಯವೋ ಹೇಳಲಾಗದ ಭಾವ. ಸಾತ್ತ್ವಿಕಾಭಿನಯವೆಂದರೆ ಇದು. ಸೂಕ್ಷ್ಮವಾಗಿ ನೋಡಿದವರು ಒಂದು ನೋಟದಿಂದ ಇನ್ನೊಂದಕ್ಕೆ ಹೋಗುವಾಗ ಅವನ ಕೈಯೂ ಹೂವೂ ಇದ್ದ ಜಾಗದಲ್ಲಿ ಇರುವುದಿಲ್ಲವೆಂಬ ದೋಷವನ್ನು ತೋರಿಸಿದ್ದಾರೆ. ಇರಬಹುದು, ಕಣ್ಣೀರು ಬಂದವರಿಗೆ ಅದು ಕಂಡಿಲ್ಲ. ಸದ್ದಿನ ಚೇಷ್ಟೆಗಳೆಲ್ಲ ಅಡಗಿ ಸಂಗೀತವೊಂದೇ ಉಳಿಯುತ್ತದೆ. ಅವಳು ಅವನನ್ನು ಸ್ವೀಕರಿಸಿದಳೋ ಇಲ್ಲವೋ ಎಂಬುದನ್ನು ಹೇಳದೆ ಪರದೆ ಕಪ್ಪಾಗುತ್ತದೆ.

ಚಿತ್ರದ ಅವಧಿ 87 ನಿಮಿಷ. ಎರಡು ಪೀರಿಯಡ್ಡುಗಳಲ್ಲಿ ಮುಗಿಯುತ್ತದೆ. ಮಾತಿಲ್ಲದುದರಿಂದ ಐದನೆಯ ತರಗತಿಯವರಿಗೂ ತೊಡಕಿಲ್ಲ. ನಡುನಡುವೆ ಬರುವ ಇಂಗ್ಲಿಷ್ ಬರಹಗಳನ್ನು ಅಧ್ಯಾಪಕರೊಬ್ಬರು ಕನ್ನಡದಲ್ಲಿ ಓದಿ ಹೇಳಿದರಾಯಿತು. ದಾನಿಗಳ ಔದಾರ್ಯದಿಂದ ಶಾಲೆಗಳಿಗೆ ದೊರೆಯುತ್ತಿರುವ ಪ್ರೊಜೆಕ್ಟರುಗಳಿಗೆ ಇದು ಯೋಗ್ಯವಾದ ಕೆಲಸ. ವಾರ್ಷಿಕೋತ್ಸವದ ನಾಟಕವನ್ನು ಆರಿಸುವುದಕ್ಕೆ ಮುಂಚೆ ತೋರಿಸಿದರೆ ಮೇಲು. ಪ್ರತಿಮೆಯ ಅನಾವರಣದ ಭಾಗವನ್ನು ಮೊದಲೊಮ್ಮೆ ಶಬ್ದವಿಲ್ಲದೆ, ಮತ್ತೊಮ್ಮೆ ಶಬ್ದಸಹಿತವಾಗಿ ತೋರಿಸಬೇಕು. ಮುಂದೆ ಏನು ಬರುತ್ತದೆಂದು ಮುಂಚಿತವಾಗಿ ವಿವರಿಸುವುದು ಬೇಡ. ಅಧ್ಯಾಪಕರು ಪರದೆಗೆ ಬೆನ್ನುಮಾಡಿ, ಮಕ್ಕಳ ಕಡೆ ಮುಖಮಾಡಿ ಕುಳಿತು, ನೂಲಿನ ಪ್ರಸಂಗದಲ್ಲಿ ಎಷ್ಟು ಜನ ನಕ್ಕರು, ಕೊನೆಯಲ್ಲಿ ಗಾಜಿನ ಹಿಂದೆ ಹುಡುಗಿ ನಕ್ಕಾಗ ಎಷ್ಟು ಜನ ನಕ್ಕರು ಎಂಬುದನ್ನು ಗುರುತು ಹಾಕಿಕೊಂಡರೆ ಸಾಕು.